ಕಾವಿಗಿಟ್ಟ ಟೀವಿ

ಪ್ರದರ್ಶನಕ್ಕೆ ಬನ್ನಿ ಎಂಬ ಕಾಗದ ಬಂದಂದಿನಿಂದ ಹಾಲಿನವಳಿಗೆ ತುತ್ತು ಗಂಟಲಲ್ಲಿ ಇಳಿದಿರಲಿಲ್ಲ.

ಟೀವಿಯಲ್ಲಿ ಬರುವ ಚಿತ್ರಗಳಿಂದ ಮಕ್ಕಳ ಮುಖ ಏನಾಗುತ್ತದೆಂದು ತೋರಿಸುತ್ತೇನೆ ಎಂದು ಪೇಟೆಯ ಕಲಾವಿದೆಯೊಬ್ಬಳು ಹನ್ನೆರಡು ಮನೆಗಳ ಟೀವಿಯ ನೆತ್ತಿಗೆ ಪುಟ್ಟ ಕ್ಯಾಮೆರಾ ಅಂಟಿಸಿ, ತಿಂಗಳು ಕಳೆದ ಮೇಲೆ ಬಿಚ್ಚಿಕೊಂಡು ಹೋಗಿದ್ದಳು. ಹಾಲಿನವಳ ಮನೆಯಲ್ಲಿ ಆ ತಿಂಗಳು ಟೀವಿ ಆರಿರಲೇ ಇಲ್ಲ. ಕ್ಯಾಮೆರಾ ಕಟ್ಟಿದ ಮರುದಿನವೇ ಕಾವಿಗೆ ಕೂತ ಕೋಳಿಯನ್ನು ನರಿ ಹೊತ್ತೊಯ್ದಿತ್ತು. ಅತ್ತೆ ಒಂಬತ್ತು ಮೊಟ್ಟೆಗಳನ್ನು ಹುಲ್ಲಿನ ಬುಟ್ಟಿಗೆ ಹಾಕಿ, ದಪ್ಪ ಬೆನ್ನಿನ ಹಳೆಯ ಟೀವಿಯ ಮೇಲೆ ಕ್ಯಾಮೆರಾದ ಹಿಂದೆ ಇಟ್ಟಳು.

"ಒಳ್ಳೆ ಬೆಚ್ಚಗಿದೆ ಕಣೇ, ಆರಿಸಬೇಡ. ಇಷ್ಟು ವರ್ಷ ಬರೀ ಬಾಯಿ ಬಡ್ಕೊಂಡಿದ್ದು ಸಾಕು, ಈಗಾದ್ರೂ ಒಂದು ಕೆಲಸ ಮಾಡ್ಲಿ."

ಚಾನೆಲ್ ಬದಲಿಸುವ ಗುಂಡಿ ಎಂದೋ ಮುರಿದಿತ್ತು. ಬರುತ್ತಿದ್ದುದು ಸುದ್ದಿಯೊಂದೇ: ಬಾಂಬು, ಬೆಂಕಿ, ಓಡುವ ಜನ. ತಾಯಿ ಕೊಟ್ಟಿಗೆಯಲ್ಲಿ ಹಾಲು ಕರೆಯುವಾಗ ಮೆಣಸು ಎಂದೇ ಎಲ್ಲರೂ ಕರೆಯುವ ಆರು ವರ್ಷದ ಮಗಳು ಅದರೆದುರು ಒಬ್ಬಳೇ ಕೂತಿರುತ್ತಿದ್ದಳು. ಏನು ನೋಡ್ತಿದ್ದೆ ಎಂದರೆ "ಎಲ್ಲಾ" ಎನ್ನುತ್ತಿದ್ದಳು. ಮೊಟ್ಟೆಯ ಆಸೆಗೆ ಕೂಸನ್ನು ಬೆಂಕಿಯ ಮುಂದೆ ಕೂರಿಸಿದೆನಲ್ಲ ಎಂದು ತಾಯಿ ಒಳಗೇ ಬೇಯುತ್ತಿದ್ದಳು.

ಮಗಳನ್ನು ಶಾಲೆಗೆ ಬಿಟ್ಟು ಅತ್ತೆ ಸೊಸೆ ಪ್ರದರ್ಶನಕ್ಕೆ ಹೋದರು. ಕಪ್ಪು ಬಣ್ಣ ಬಳಿದ ಕೋಣೆ. ಸುತ್ತ ಹನ್ನೆರಡು ಪರದೆಗಳು. ಮಕ್ಕಳ ಮುಖವಷ್ಟೇ ಕಾಣುತ್ತದೆ, ಅವರು ನೋಡುತ್ತಿದ್ದುದರ ಸದ್ದಷ್ಟೇ ಕೇಳುತ್ತದೆ. ನಡುವಿನ ದೊಡ್ಡ ಪರದೆಯಲ್ಲಿ ಮೆಣಸು. ಕಣ್ಣು ಇಷ್ಟಗಲ, ಬಾಯ ಮೇಲೆ ಎರಡೂ ಕೈ.

"ಪಾಪ, ಎಷ್ಟು ಹೆದರಿದೆ ನೋಡಿ," ಎಂದರು ಪಕ್ಕದಲ್ಲಿದ್ದ ಕನ್ನಡಕದವರು. "ತಾಯಿ ಅನ್ನೋಳು ಎಲ್ಲಿ ಹೋಗಿದ್ದಳೋ!"

ಹಾಲಿನವಳು ಸೆರಗಿನ ತುದಿ ಹಿಂಡುತ್ತ ನಿಂತಳು. ಚಿತ್ರ ಮುಗಿದು ಮತ್ತೆ ಮೊದಲಿಂದ ಬಂತು. ಆಗ ಗಮನಿಸಿದಳು. ಬೇರೆ ಮಕ್ಕಳ ನೋಟ ಕ್ಯಾಮೆರಾದ ಕೆಳಗೆ, ಪರದೆಯ ಕಡೆಗಿತ್ತು. ಮೆಣಸಿನ ನೋಟ ಮಾತ್ರ ಕ್ಯಾಮೆರಾಕ್ಕಿಂತ ಮೇಲಕ್ಕೆ. ಢಮ್ಮೆಂದು ಏನೋ ಸಿಡಿಯಿತು. ಮಗುವಿನ ರೆಪ್ಪೆ ಅಲುಗಲಿಲ್ಲ. ಆಮೇಲೆ, ಸುದ್ದಿಯವನು ಉಸಿರೆಳೆದುಕೊಳ್ಳುವ ಸಂದಿಯಲ್ಲಿ, ಸಣ್ಣಗೆ: ಚಿಂವ್. ಆಗ ಎರಡೂ ಕೈ ಬಾಯಿಗೆ ಹೋದವು.

"ಅತ್ತೆ, ಮರಿ!"

"ಮತ್ತಿನ್ನೇನು? ಆ ಕರಿಯದೇ ದನಿ ಅದು, ಎಲ್ಲಕ್ಕಿಂತ ಮೊದಲು ಚಿಪ್ಪು ಒಡೆದದ್ದು," ಎಂದಳು ಅತ್ತೆ, ಕೋಣೆಗೆಲ್ಲ ಕೇಳುವಂತೆ.

ಹಾಲಿನವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯದೆ ಕನ್ನಡಕದವರು ಗಾಬರಿಯಾಗಿ ನೀರು ತರಲು ಓಡಿದರು. ಸಂಗತಿ ತಿಳಿದ ಕಲಾವಿದೆಯ ಮುಖ ಇಳಿಯಿತು. "ನಾನು ಭಯ ಅಂದ್ಕೊಂಡೆನಲ್ಲಮ್ಮಾ. ತೆಗೆದುಬಿಡಲಾ?"

"ಬೇಡ, ತಾಯಿ. ಅದೊಂದು ಚಿಂವ್ ಮಾತ್ರ ಸ್ವಲ್ಪ ಜೋರಾಗಿ ಕೇಳಿಸೋ ಹಾಗೆ ಮಾಡಿ," ಎಂದಳು ಹಾಲಿನವಳು.

ಹೊರಡುವಾಗ ಮೂಲೆಯ ಪರದೆಯಲ್ಲಿ ಕಣ್ಣು ಮುಚ್ಚಿಕೊಂಡಿದ್ದ ಪುಟ್ಟ ಹುಡುಗನೊಬ್ಬನ ಎದುರು ಅವಳು ಗಳಿಗೆ ಹೊತ್ತು ನಿಂತಳು. ಅವನ ಮನೆಯ ಟೀವಿಯ ಮೇಲೆ ಮೊಟ್ಟೆಯ ಬುಟ್ಟಿ ಇರಲಿಲ್ಲ.

ಬಸ್ಸಿನಲ್ಲಿ ಅತ್ತೆ ಗಂಟು ಬಿಚ್ಚಿ ಬುತ್ತಿ ಕೊಟ್ಟಳು. ಹಾಲಿನವಳು ಎರಡೂ ಕೆನ್ನೆ ತುಂಬಿಕೊಂಡೇ ಹೇಳಿದಳು: "ಮುಂದಿನ ಸಲ ಕಾವಿಗೆ ಬಲ್ಬು ಹಾಕೋಣ, ಅತ್ತೆ."

"ಹಾಕೇ, ಯಾರು ಬೇಡ ಅಂದ್ರು? ಸುದ್ದಿ ಇಲ್ದೆ ಮೊಟ್ಟೆಗಳಿಗೆ ಬೇಜಾರಾಗುತ್ತೆ, ಅಷ್ಟೇ."