ಮಧ್ಯಾಹ್ನ ಬಂದು ಹೇಳಿದ ಕೆಲಸ

ಹಳೇ ಮನೆಗಳನ್ನು ಕೊಂಡು, ರಿಪೇರಿ ಮಾಡಿಸಿ ಬಾಡಿಗೆಗೆ ಕೊಡುವುದು ಟೀಚರು ಮತ್ತು ಅವರ ತಮ್ಮ ಸೇರಿ ನಡೆಸುತ್ತಿದ್ದ ವ್ಯವಹಾರ. ಕಾಗದಪತ್ರದ ಓಡಾಟ ತಮ್ಮನದು. ಗಾರೆ, ನಲ್ಲಿ, ಬಣ್ಣದ ಉಸಾಬರಿಯೆಲ್ಲ ಟೀಚರದು. ಮೂವತ್ತು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತರಾದ ಅವರು ಒಂಟಿ ಜೀವ. ಯಾವ ಕೋಣೆಗೆ ಏನಾಗಬೇಕೆಂದು ಚೀಟಿ ಬರೆದು ಆಯಾ ಕೋಣೆಯ ಬಾಗಿಲಿಗೇ ಅಂಟಿಸಿ ಬರುತ್ತಿದ್ದರು. ಚೀಟಿಯಲ್ಲಿಲ್ಲದ ಕೆಲಸಕ್ಕೆ ಯಾರೂ ಕೈಹಾಕುವಂತಿರಲಿಲ್ಲ. ಮೇಸ್ತ್ರಿ ಹಳಬ, ನಾಲ್ಕು ಮನೆಗಳಲ್ಲಿ ಒಮ್ಮೆಯೂ ಅವರ ಮಾತು ಮೀರಿದವನಲ್ಲ.

ಐದನೆಯ ಮನೆ ಕೊಂಡು, ಚೀಟಿಗಳನ್ನು ಅಂಟಿಸಿ ಬಂದ ಮರುದಿನವೇ ಟೀಚರಿಗೆ ಜ್ವರ ಹಿಡಿಯಿತು. ಹತ್ತು ದಿನ ಬಿಟ್ಟು ಹೋಗಿ ನೋಡಿದರೆ ಬಚ್ಚಲಿನ ಗೋಡೆಗೆ ಹಿಡಿದುಕೊಂಡು ನಡೆಯುವಂಥ ಸ್ಟೀಲಿನ ಕಂಬಿ ಕೂತಿದೆ. ಹೊಸ್ತಿಲುಗಳನ್ನೆಲ್ಲ ಕಿತ್ತು ನೆಲಸಮ ಮಾಡಿದ್ದಾರೆ. ಹಿಂದಿನ ಕೋಣೆಯ ಕಿಟಕಿ ಮೊಣಕಾಲೆತ್ತರಕ್ಕೆ ಇಳಿದಿದೆ. ಇದನ್ನೆಲ್ಲ ಯಾರು ಹೇಳಿದ್ದು ಎಂದು ಕೇಳಿದರೆ ಮೇಸ್ತ್ರಿಗೇ ಆಶ್ಚರ್ಯ.

"ನಿಮ್ಮ ತಾಯಿಯವರೇ ಹೇಳಿದ್ರಲ್ಲ ಮೇಡಂ. ದಿನಾ ಮಧ್ಯಾಹ್ನ ಬರ್ತಾರೆ. ಮಲಗಿದಲ್ಲಿಂದಲೇ ಹಿಂದಿನ ರಸ್ತೆ ಕಾಣಬೇಕು, ಕಿಟಕಿ ಇಳಿಸು ಅಂದ್ರು."

ಟೀಚರ ತಾಯಿ ತೀರಿಕೊಂಡು ಇಪ್ಪತ್ತೆರಡು ವರ್ಷವಾಗಿತ್ತು. ಪಕ್ಕದ ಬೀದಿಯ ಯಾವುದೋ ಮುದುಕಿ ಅಧಿಕಪ್ರಸಂಗ ಮಾಡಿರಬೇಕೆಂದುಕೊಂಡು, ನೋಡಲು ಹೇಗಿದ್ದರು ಎಂದು ವಿಚಾರಿಸಿದರು.

"ಥೇಟ್ ನಿಮ್ಮ ಹಾಗೇ. ಕೂದಲು ಪೂರ್ತಿ ಬೆಳ್ಳಗಾಗಿದೆ, ಬೆನ್ನು ಬಾಗಿದೆ, ಅಷ್ಟೇ. ಮಾತಾಡೋಕೆ ಮುಂಚೆ ನಿಮ್ಮ ಹಾಗೇ ಗೋಡೆಗೆ ಎರಡು ಸಲ ತಟ್ತಾರೆ. ಅದಕ್ಕೇ ನಾನು ನಿಮಗೆ ಫೋನ್ ಮಾಡಿ ಕೇಳೋಕೆ ಹೋಗಲಿಲ್ಲ."

ತಾಯಿಯ ಮುಖ ಬಂದಿದ್ದು ತಮ್ಮನಿಗೆ. ಟೀಚರು ಅಪ್ಪನ ಪಡಿಯಚ್ಚು. ಗೋಡೆ ತಟ್ಟುವ ಅಭ್ಯಾಸವಂತೂ ಕರಿಹಲಗೆಯ ಮುಂದೆ ನಿಂತು ನಿಂತು ಅವರಿಗೆ ಅಂಟಿದ್ದು. ಎದುರಿನ ಇಸ್ತ್ರಿ ಅಂಗಡಿಯವನನ್ನು ಕೇಳಿದರು. ಕೆಲಸದವರನ್ನು ಬಿಟ್ಟರೆ ಒಳಗೆ ಹೋದವರನ್ನು ತಾನು ಕಂಡೇ ಇಲ್ಲ ಎಂದ.

ಮರುದಿನ ಟೀಚರು ಊಟ ಮುಗಿಸಿ ಹೋಗಿ, ಹಿಂದಿನ ಕೋಣೆಯಲ್ಲಿ ಸಿಮೆಂಟಿನ ಮೂಟೆಯ ಮೇಲೆ ಬಾಗಿಲಿಗೆ ಮುಖಮಾಡಿ ಕೂತರು. ಹಸಿ ಗಾರೆಯ ವಾಸನೆ ಮೂಗಿಗೆ ಅಡರುತ್ತಿತ್ತು. ಸ್ವಲ್ಪ ಹೊತ್ತಿಗೆ ಮುಂದಿನ ಕೋಣೆಯಲ್ಲಿ ಕರಣೆಯ ಸದ್ದು ನಿಂತಿತು. ಕಿಟಕಿಯ ಬಿಸಿಲು ನೆಲ ದಾಟಿ ಗೋಡೆ ಹತ್ತಿತು. ಯಾರೂ ಬರಲಿಲ್ಲ. ಐದು ಗಂಟೆಗೆ ಎದ್ದು ಹೊರಗೆ ಬಂದರೆ ಕೆಲಸದವರೆಲ್ಲ ಮರಳಿನ ರಾಶಿಯ ಮೇಲೆ ಆರಾಮಾಗಿ ಕೂತಿದ್ದರು. ಅರ್ಧ ದಿನ ಹಾಳುಮಾಡಿದಿರಲ್ಲ ಎಂದು ಟೀಚರು ರೇಗಿದರು.

ಮೇಸ್ತ್ರಿ ಸಂಕೋಚದಿಂದ ಎದ್ದು ನಿಂತ. "ನೀವಿಬ್ಬರೂ ಮಾತಾಡ್ತಾ ಕೂತಿದ್ರಿ. ನಡುವೆ ಬರೋದು ಬೇಡ ಅಂತ ಹೊರಗೇ ಇದ್ವಿ."

"ಏನು ಮಾತು?"

"ಕೇಳಿಸ್ಕೊಳ್ಳಲಿಲ್ಲ ಮೇಡಂ. ನೀವು ಅಳ್ತಿದ್ರಿ. ಅವರು ತಲೆ ನೇವರಿಸ್ತಿದ್ರು."

ಟೀಚರು ಕೆನ್ನೆ ಮುಟ್ಟಿಕೊಂಡರು. ದೂಳಿನ ನಡುವೆ ಬೆರಳಿಗೆ ತೇವ ತಗುಲಿತು.

ತಮ್ಮ ಬಂದು ನೋಡಿದವನೇ, ಇದೇನು ಆಸ್ಪತ್ರೆಯಾ ಎಂದು ಕೂಗಾಡಿದ. ಎಲ್ಲವನ್ನೂ ಮೊದಲಿನಂತೆ ಮಾಡಿಸು ಎಂದು ಅಕ್ಕನಿಗೆ ಹೇಳಿ ಹೋದ. ಟೀಚರು ಚೀಟಿ ಬರೆಯಲು ಕೂತರು, ಕೈ ಓಡಲಿಲ್ಲ. ಕೆಲಸ ಆ ಮುದುಕಿ ಹೇಳಿದಂತೆಯೇ ಮುಗಿಯಿತು. ಹೊಸದಾಗಿ ಮದುವೆಯಾದ ಜೋಡಿಯೊಂದು ಮನೆ ನೋಡಿ, ಆ ತಗ್ಗು ಕಿಟಕಿಯನ್ನೇ ಮೆಚ್ಚಿಕೊಂಡಿತು. ತಮ್ಮ ಇನ್ನೇನು ಕೀ ಕೊಡಬೇಕು, ಟೀಚರು ಈ ಮನೆ ಬಾಡಿಗೆಗಿಲ್ಲ ಎಂದುಬಿಟ್ಟರು. ಹಾಗೇಕೆ ಅಂದೆನೆಂದು ಅವರಿಗೇ ಗೊತ್ತಾಗಲಿಲ್ಲ. ತಮ್ಮ ತಿಂಗಳೊಪ್ಪತ್ತು ಮಾತು ಬಿಟ್ಟ.

ಮನೆಗೆ ಬೀಗ ಬಿತ್ತು. ವಾರಕ್ಕೊಮ್ಮೆ ಟೀಚರೇ ಹೋಗಿ ಗುಡಿಸಿ ಬರುತ್ತಾರೆ. ಯಾರನ್ನೂ ಕಂಡಿಲ್ಲ. ಆದರೆ ಗುಡಿಸಲು ಅಲ್ಲಿ ಕಸವೇ ಇರುವುದಿಲ್ಲ.

ಆರನೆಯ ಮನೆಯ ಕೆಲಸ ಶುರುವಾದ ದಿನ ಮೇಸ್ತ್ರಿ ಚೀಟಿಗಳನ್ನೆಲ್ಲ ಓದಿಕೊಂಡು, ಹೊರಡುವ ಮುಂಚೆ ಉಪಚಾರಕ್ಕೆಂಬಂತೆ, ತಾಯಿಯವರು ಈಗ ಹೇಗಿದ್ದಾರೆ ಎಂದು ಕೇಳಿದ.

"ಚೆನ್ನಾಗಿದ್ದಾರೆ," ಎಂದರು ಟೀಚರು. "ಆ ಮನೆ ಅವರಿಗೆ ಒಗ್ಗಿದೆ."