ಅಡ್ಮಿರಲ್ ಥಾರ್ನ್‌ರ ಹಡಗು ಕೂತ ದಿಬ್ಬ

ಉರ್ಸುಲಾ ಥಾರ್ನ್ ಎಂಬ ಇಂಗ್ಲಿಷ್ ಮುದುಕಿ ಅಬುಧಾಬಿಗೆ ಬಂದದ್ದು ಊರು ನೋಡುವುದಕ್ಕಲ್ಲ. ಅವರ ಅಜ್ಜ ಎಡ್ಮಂಡ್ ಥಾರ್ನ್ ಹದಿಮೂರನೆಯ ವಯಸ್ಸಿಗೆ ಬ್ರಿಟಿಷ್ ನೌಕಾಪಡೆ ಸೇರಿ, ಅಡ್ಮಿರಲ್ ಆಗಿ ನಿವೃತ್ತರಾದವರು. 1911ರಲ್ಲಿ ಈ ಕೊಲ್ಲಿಯಲ್ಲಿ ಬಂದೂಕು ಸಾಗಿಸುವ ದೋಣಿಗಳನ್ನು ಹಿಡಿಯಲು ಬಂದಿದ್ದಾಗ ಅವರ ಹಡಗು ಮರಳು ದಿಬ್ಬದ ಮೇಲೆ ಕೂತುಬಿಟ್ಟಿತ್ತು. ಆ ಜಾಗದಲ್ಲಿ ಎಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತು ಮೌನವಾಗಿರಬೇಕೆಂದು ಮೊಮ್ಮಗಳ ಆಸೆ. ಅದಕ್ಕಾಗಿ 2014ರ ಜನವರಿಯ ಒಂದು ಬೆಳಿಗ್ಗೆ ಅವರು ಇಡೀ ದೋಣಿಯನ್ನೇ ಗೊತ್ತುಮಾಡಿದ್ದರು.

ದೋಣಿ ನಡೆಸುವವನು ಮಲ್ಪೆಯ ಸೇಸಪ್ಪ. ಊರಿನಲ್ಲಿ ಮೀನು ಬೋಟು ನಡೆಸುವ ತಾಂಡೇಲನಾಗಿದ್ದವನು ಇಲ್ಲಿ ಪ್ರವಾಸಿ ದೋಣಿಯ ಕ್ಯಾಪ್ಟನ್. ಜೊತೆಗೆ ಉಳ್ಳಾಲದ ಅಲಿಯಬ್ಬ. ಹಗ್ಗ, ಲಂಗರು ಅವನ ಕೆಲಸ. ಮುಂದೆ ನಿಂತು ನೀರು ನೋಡಿ ಹೇಳುವುದೂ ಅವನದೇ.

ಸೇಸಪ್ಪನ ಹೆಂಡತಿ ಲೋಲಾಕ್ಷಿ ತೀರಿಕೊಂಡು ವರ್ಷ ತುಂಬುತ್ತ ಬಂದಿತ್ತು. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಕೋಣೆಯಲ್ಲಿ ಈಗ ಅವನು ಮತ್ತು ಮಗಳು ಅಶ್ಮಿತಾ ಇಬ್ಬರೇ. ಮಾರ್ಚಿನಲ್ಲಿ ಅವಳಿಗೆ ಹನ್ನೆರಡನೆಯ ತರಗತಿಯ ಪರೀಕ್ಷೆ. ಅವಳ ವೀಸಾ ನಿಂತಿರುವುದು ಅಪ್ಪನ ಕೆಲಸದ ಮೇಲೆ. ಅವನ ಕೆಲಸ ಹೋದರೆ ಅವಳು ಪರೀಕ್ಷೆ ಬಿಟ್ಟು ಊರಿಗೆ ಹೊರಡಬೇಕು.

ಅವನ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಮನೆಯಲ್ಲಿ ಸಾವಾದರೆ ವರ್ಷ ಕಳೆಯುವುದರೊಳಗೆ ಯಜಮಾನ ಕಡಲಿಗೆ ಹಾಲೆರೆಯಬೇಕು. ಎರೆದ ಹಾಲು ಪೂರ್ತಿ ಕರಗುವ ತನಕ ನೀರಿನಲ್ಲಿ ಕಬ್ಬಿಣ ಅಲುಗಬಾರದು. ಎಂಜಿನ್ ತಿರುಗಬಾರದು, ಲಂಗರು ಇಳಿಯಬಾರದು. ಮಲ್ಪೆಯ ಆಳ ನೀರಿನಲ್ಲಿ ಇದರಿಂದ ಕೇಡೇನೂ ಇಲ್ಲ. ಇಲ್ಲಿ ನೀರು ಆಳವಿಲ್ಲ, ಕಂಪೆನಿಯ ನಿಯಮವೂ ಬೇರೆ: ಎಂಜಿನ್ ನಿಂತರೆ ಲಂಗರು ಬೀಳಲೇಬೇಕು.

ದಿಬ್ಬದಿಂದ ಸ್ವಲ್ಪ ಈಚೆಗೆ ಸೇಸಪ್ಪ ಎಂಜಿನ್ ನಿಲ್ಲಿಸಿದ. ಉರ್ಸುಲಾ ಕಣ್ಣು ಮುಚ್ಚಿ ಕೂತರು. ಅವನು ಚೀಲದಿಂದ ಹಾಲಿನ ಪ್ಯಾಕೆಟ್ ತೆಗೆದ.

"ಲೋ ಫ್ಯಾಟ್ ಅಂತ ಬರೆದಿದೆ ಮಾರಾಯ್ರೆ," ಅಲಿಯಬ್ಬ ಪಿಸುಗುಟ್ಟಿದ. "ಲೋಲಾಕ್ಷಕ್ಕ ಮೇಲಿಂದ ಬಯ್ಯದೆ ಇರ್ಲಿಕ್ಕಿಲ್ಲ. ಲಂಗರು ಬಿಡ್ಲಾ?"

"ಬೇಡ. ಹಾಲು ಕರಗಲಿ." ಸೇಸಪ್ಪ ಪ್ಯಾಕೆಟ್ ಹರಿದು ಹಾಲನ್ನು ನೀರಿಗೆ ಎರೆದ.

"ಸೇಸಪ್ಪಣ್ಣ, ನೀರು ಇಳೀತಾ ಉಂಟು. ದಿಬ್ಬದ ಕಡೆಗೇ ಎಳೀತಾ ಉಂಟು."

"ಒಂದು ನಿಮಿಷ, ಅಲಿಯಬ್ಬ."

ಹಾಲು ಬಿಳಿ ಎಳೆಗಳಾಗಿ ಹಸಿರು ನೀರಿನಲ್ಲಿ ಹರಡಿತು. ಸೇಸಪ್ಪ ಕೈಮುಗಿದು ನಿಂತ. ವರ್ಷವಿಡೀ ಬಾರದ ಅಳು ಆಗ ಬಂತು. ಅಲಿಯಬ್ಬ ಇನ್ನೊಮ್ಮೆ ಕೂಗಿದ್ದು ಅವನಿಗೆ ಕೇಳಿಸಿತು, ಆದರೂ ಕೈ ಬಿಡಿಸಲಿಲ್ಲ. ಅಷ್ಟರಲ್ಲಿ ದೋಣಿಯ ಅಡಿ ಮರಳಿಗೆ ಉಜ್ಜಿ ನಿಂತಿತು.

ಎಂಜಿನ್ ಹಾಕಿ ಹಿಂದಕ್ಕೆ ಎಳೆದರೆ ಕೆಸರೆದ್ದಿತೇ ಹೊರತು ದೋಣಿ ಕದಲಲಿಲ್ಲ. ನೀರು ಇಳಿದಂತೆ ದೋಣಿ ಒಂದು ಮಗ್ಗುಲಿಗೆ ವಾಲಿತು. ಉರ್ಸುಲಾರ ಕೈಚೀಲ ಜಾರಿ ಕಂಬಿಗೆ ಬಡಿಯಿತು. ಅಲಿಯಬ್ಬ ಅವರಿಗೆ ಲೈಫ್ ಜಾಕೆಟ್ ತೊಡಿಸಿ ಎತ್ತರದ ಬದಿಗೆ ಕೂರಿಸಿದ. ಸೇಸಪ್ಪ ರೇಡಿಯೋದಲ್ಲಿ ಕೋಸ್ಟ್ ಗಾರ್ಡಿಗೂ, ಫೋನಿನಲ್ಲಿ ಮ್ಯಾನೇಜರ್ ಡಿಕ್ಸನ್‌ಗೂ ತಿಳಿಸಿದ. ಡಿಕ್ಸನ್ ಮಂಗಳೂರಿನವನೇ.

"ಲಂಗರು ಯಾಕೆ ಬಿಡ್ಲಿಲ್ಲ?" ಡಿಕ್ಸನ್ ಕೇಳಿದ. ಸೇಸಪ್ಪ ಇದ್ದದ್ದನ್ನು ಹೇಳಿದ.

"ಅಯ್ಯೋ ದೇವರೇ! ಸೇಸಪ್ಪಣ್ಣ, ಇದನ್ನು ಕೋಸ್ಟ್ ಗಾರ್ಡಿನವರ ಹತ್ರ ಹೇಳ್ಬೇಡಿ. ಲೈಸೆನ್ಸ್ ಖಲಾಸ್. ಅಲಿಯಬ್ಬನಿಗೆ ಲಂಗರು ಬಿಡ್ಲಿಕ್ಕೆ ಹೇಳಿದ್ದೆ, ಅವನು ಬಿಡ್ಲಿಲ್ಲ ಅಂತ ಹೇಳಿ. ಅವನ ವೀಸಾ ಹೇಗೂ ಮುಂದಿನ ತಿಂಗಳು ಕ್ಯಾನ್ಸಲ್. ನಿಮ್ಮ ಮಗಳ ಎಕ್ಸಾಮ್ ಉಂಟಲ್ಲ, ಸ್ವಲ್ಪ ಮಂಡೆ ಖರ್ಚು ಮಾಡಿ."

ಫೋನಿನ ಮಾತು ಅಲಿಯಬ್ಬನಿಗೂ ಕೇಳಿಸಿತ್ತು. ಅವನು ಹಗ್ಗ ಸುತ್ತುತ್ತಲೇ ಹೇಳಿದ, "ಹೌದು, ನನ್ನ ಹೆಸರು ಹೇಳಿ. ನಾನು ಮನೆಗೆ ಹೋಗುವವ. ಕಪ್ಪು ಪಟ್ಟಿಗೆ ಹೆಸರು ಬಿದ್ರೆ ಇಲ್ಲಿ ಬೀಳ್ತದೆ, ಉಳ್ಳಾಲದಲ್ಲಿ ಯಾರು ಕೇಳ್ತಾರೆ?"

"ನೀನು ಎರಡು ಸಲ ಹೇಳಿದ್ದೀಯಲ್ಲ ಮಾರಾಯ."

"ನನಗೆ ಗೊತ್ತುಂಟು, ನಿಮಗೆ ಗೊತ್ತುಂಟು, ಮೇಲಿನವನಿಗೆ ಗೊತ್ತುಂಟು. ಸಾಕಲ್ಲ? ಅಶ್ಮಿತಾ ಪರೀಕ್ಷೆ ಬರೀಲಿ."

ಸುಲಭವಾಗಿ ಸಿಕ್ಕ ದಾರಿಯೇ ಸೇಸಪ್ಪನನ್ನು ಹೆಚ್ಚು ಹೆದರಿಸಿತು. ದೂರದಲ್ಲಿ ಕೋಸ್ಟ್ ಗಾರ್ಡಿನ ದೋಣಿ ಚುಕ್ಕೆಯಂತೆ ಕಂಡಿತು.

ಉರ್ಸುಲಾ ಭಯ ಮರೆಯಲೆಂದೋ ಏನೋ ಇಂಗ್ಲಿಷಿನಲ್ಲಿ ಮಾತಿಗೆ ತೊಡಗಿದರು. "ನಮ್ಮಜ್ಜನೂ ಹೀಗೇ ಕಾದಿರಬೇಕು. ಆಗ ಅವರಿಗೆ ದೊಡ್ಡ ಹುದ್ದೆಯೇನಿರಲಿಲ್ಲ. ದಾರಿ ತೋರಿಸಲು ಈ ತೀರದ ಒಬ್ಬ ಪೈಲಟ್ ಇದ್ದ. ಅವನು ತಪ್ಪು ತೋರಿಸಿದ ಎಂದು ಅಜ್ಜ ವಿಚಾರಣೆಯಲ್ಲಿ ಹೇಳಿದರು. ಅವರ ಮೇಲೆ ಕಲೆ ಉಳಿಯಲಿಲ್ಲ. ಆಮೇಲೆ ಯುದ್ಧ ಬಂತು, ಪದಕ ಬಂತು, ದೊಡ್ಡ ಹಡಗು ಬಂತು. ವಿಚಾರಣೆಯ ಆ ಮಾತಿಲ್ಲದಿದ್ದರೆ ಅವರು ಅಡ್ಮಿರಲ್ ಆಗುತ್ತಿರಲಿಲ್ಲ."

"ಆ ಪೈಲಟ್ ಏನಾದ, ಮೇಡಂ?" ಸೇಸಪ್ಪ ಕೇಳಿದ.

"ಗೊತ್ತಿಲ್ಲ. ನಮ್ಮ ಮನೆಯಲ್ಲಿ ಅವನ ಹೆಸರೂ ಯಾರಿಗೂ ಗೊತ್ತಿಲ್ಲ."

"ಅವನು ನಿಜವಾಗಿ ತಪ್ಪು ತೋರಿಸಿದ್ದನಾ?"

ಮುದುಕಿ ಜಾರಿದ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡರು. "ಕೊನೆಗಾಲದಲ್ಲಿ ಅಜ್ಜ ನನ್ನ ತಂದೆಯ ಹತ್ತಿರ ಹೇಳಿದರಂತೆ. 'ಅವನು ನಿಲ್ಲಿಸಿ, ನಿಲ್ಲಿಸಿ ಎಂದು ಕೂಗಿದ್ದ, ನಾನೇ ಕೇಳಲಿಲ್ಲ' ಎಂದು. ನಾನು ಈಗ ಕಣ್ಣು ಮುಚ್ಚಿ ಕೂತದ್ದು ಅಜ್ಜನಿಗಾಗಿ ಅಲ್ಲ."

ಅಲಿಯಬ್ಬನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. "ಅಜ್ಜಿ ಎಂತ ಹೇಳುವುದು?" ಎಂದ.

"ಅವರ ಅಜ್ಜನ ನೌಕರಿಯ ವಿಷಯ," ಎಂದ ಸೇಸಪ್ಪ.

ಕೋಸ್ಟ್ ಗಾರ್ಡಿನ ದೋಣಿ ಆಳ ನೀರಿನಲ್ಲೇ ನಿಂತಿತು. ಒಬ್ಬ ಎಳೆ ವಯಸ್ಸಿನ ಅಧಿಕಾರಿ ಮೊಣಕಾಲು ನೀರಿನಲ್ಲಿ ನಡೆದು ಬಂದು ಹತ್ತಿದ. ಮೊದಲು ಮುದುಕಿಗೆ ಪೆಟ್ಟಾಗಿದೆಯೇ ಎಂದು ವಿಚಾರಿಸಿದ. ಆಮೇಲೆ ಹಿಂದಿಯಲ್ಲಿ ಕೇಳಿದ, "ಕ್ಯಾಪ್ಟನ್ ಯಾರು? ಲಂಗರು ಮೇಲೆಯೇ ಇದೆ. ಯಾಕೆ?"

ಅಲಿಯಬ್ಬ ಒಂದು ಹೆಜ್ಜೆ ಮುಂದಿಟ್ಟ. ಅವನು ಬಾಯಿ ತೆರೆಯುವ ಮೊದಲೇ ಸೇಸಪ್ಪ ಅವನ ತೋಳು ಹಿಡಿದು ಹಿಂದಕ್ಕೆಳೆದ.

"ಕ್ಯಾಪ್ಟನ್ ನಾನು. ಲಂಗರು ಬೇಡ ಎಂದದ್ದೂ ನಾನು. ಇವನು ಎರಡು ಸಲ ಎಚ್ಚರಿಸಿದ. ಸತ್ತ ಹೆಂಡತಿಗಾಗಿ ಕಡಲಿಗೆ ಹಾಲು ಎರೆಯುತ್ತಿದ್ದೆ. ಕೇಳಿಸಿತು, ಆದರೂ ನಾನು ಕೇಳಲಿಲ್ಲ."

ಅಧಿಕಾರಿ ಅವನ ಮುಖವನ್ನು ನೋಡಿದ. "ದೇವರು ಆಕೆಗೆ ಕರುಣೆ ತೋರಲಿ," ಎಂದು ಮೆಲ್ಲಗೆ ಹೇಳಿ, ಕೈ ಚಾಚಿದ. "ಲೈಸೆನ್ಸ್ ಕೊಡಿ."

ಸೇಸಪ್ಪ ಕೊಟ್ಟ.

"ಮಂಡೆ ಸಮ ಉಂಟಾ ನಿಮಗೆ?" ಅಲಿಯಬ್ಬ ಹಲ್ಲು ಕಚ್ಚಿ ಕೇಳಿದ. "ಮಗಳಿಗೆ ಎಂತ ಹೇಳ್ತೀರಿ ಈಗ?"

"ಇದನ್ನೇ ಹೇಳ್ಬೇಕು. ಬೇರೆ ಎಂತ ಹೇಳುವುದು?"

"ಅವಳು ಕಣ್ಣೀರು ಹಾಕಿ ಕೂಗ್ತಾಳೆ."

"ಕೂಗ್ತಾಳೆ," ಎಂದ ಸೇಸಪ್ಪ.

ಮಧ್ಯಾಹ್ನ ದಾಟಿದ ಮೇಲೆ ನೀರು ಏರಿ ದೋಣಿ ಮೆಲ್ಲಗೆ ಎದ್ದಿತು. ಸೇಸಪ್ಪ ಅಭ್ಯಾಸದಿಂದ ಚುಕ್ಕಾಣಿಯತ್ತ ಹೋದ. ಅಧಿಕಾರಿ ತಲೆಯಾಡಿಸಿ, ತಾನೇ ಅಲ್ಲಿ ನಿಂತು ಎಂಜಿನ್ ಹಾಕಿದ. ಸೇಸಪ್ಪ ಪ್ರವಾಸಿಗರ ಬೆಂಚಿನ ಬಳಿಗೆ ಬಂದ. ಆ ದೋಣಿಯಲ್ಲಿ ಅವನು ಅಲ್ಲಿ ಎಂದೂ ಕೂತವನಲ್ಲ. ಉರ್ಸುಲಾ ಸರಿದು ಜಾಗ ಮಾಡಿಕೊಟ್ಟರು. ಅವನು ಕೂತು, ಎರಡೂ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ, ಮೊಣಕಾಲಿನ ಮೇಲಿಟ್ಟುಕೊಂಡ.