ಬೋರಲು ಮಲಗಿದವನ ಪ್ರಯಾಣ

ಆ ಕ್ರಿಸ್ಮಸ್ಸಿನ ದಿನ ಊರಿಗೆಲ್ಲ ಆಕಾಶ ಕಂಡಿತು, ಬಡಗಿಗೆ ಕಂಡದ್ದು ಲಾಡ್ಜಿನ ನೆಲ ಮಾತ್ರ. ದೇವರು ಯಾರಿಗೆ ಯಾವಾಗ ಏನನ್ನು ತೋರಿಸುತ್ತಾನೋ, ಅದು ಅವನ ಚಿತ್ತ.

ಬಡಗಿಯ ಒಂದು ಕಣ್ಣು ಹದಿನೆಂಟನೆಯ ವಯಸ್ಸಿನಲ್ಲೇ, ಉಳಿಯ ಏಟಿಗೆ ಸಿಡಿದ ಚಕ್ಕೆ ಬಡಿದು ಹೋಗಿತ್ತು. ಉಳಿದ ಒಂದರಲ್ಲೇ ಮೂವತ್ತು ವರ್ಷ ಗೆರೆ ಎಳೆದ, ಗರಗಸ ಹಿಡಿದ, ಮಗಳ ಮದುವೆ ನೋಡಿದ. ಈಗ ಆ ಕಣ್ಣಿನ ಒಳಪರದೆಯೂ ಹರಿದಿತ್ತು. ಬೆಟ್ಟದ ಮೇಲಿನ ಚಳಿಯೂರಿನಿಂದ ಒಂದು ಹಗಲಿನ ದಾರಿ ಇಳಿದು, ಕಡಲ ಪಕ್ಕದ ಈ ಕುದಿಯುವ ಪಟ್ಟಣಕ್ಕೆ ಹೆಂಡತಿಯೊಡನೆ ಬಂದು ಆಪರೇಷನ್ ಮಾಡಿಸಿಕೊಂಡು ಐದು ದಿನವಾಗಿತ್ತು.

"ಕಣ್ಣೊಳಗೆ ಗಾಳಿ ತುಂಬಿದೀನಿ," ಎಂದಿದ್ದರು ಡಾಕ್ಟರಮ್ಮ. "ಅದು ಪರದೆನ ಒತ್ತಿ ಹಿಡಿಬೇಕು, ಅದಕ್ಕೆ ಬೋರಲೇ ಮಲಗಿರಬೇಕು. ಮೂರು ವಾರ ಬೆಟ್ಟ ಹತ್ತೋ ಮಾತೇ ಬೇಡ. ಮೇಲೆ ಹೋದಷ್ಟೂ ಗಾಳಿ ಉಬ್ಬುತ್ತೆ. ಇರೋ ಒಂದು ಕಣ್ಣೂ ಹೋಗುತ್ತೆ."

ಬೆಟ್ಟದ ಮೇಲಿನ ಮನೆಯಲ್ಲಿ ತಾಯಿ ಹಾಸಿಗೆ ಹಿಡಿದಿದ್ದಳು. ಬಡಗಿಯ ತಂಗಿ ನೋಡಿಕೊಳ್ಳುತ್ತಿದ್ದಳು.

ಬೆಳಿಗ್ಗೆ ಚರ್ಚಿನ ಹಾಡು ಕಿಟಕಿಯಿಂದ ಬಿಸಿಗಾಳಿಯ ಜೊತೆ ಒಳಗೆ ಬಂತು. ಬಡಗಿ ಮಂಚದ ಅಂಚಿನಿಂದ ತಲೆ ಇಳಿಬಿಟ್ಟು ಮಲಗಿದ್ದ. ಮೂಗಿನ ತುದಿಯಿಂದ ಬೆವರು ತೊಟ್ಟು ತೊಟ್ಟಾಗಿ ನೆಲಕ್ಕೆ ಬೀಳುತ್ತಿತ್ತು.

"ಹುಟ್ಟಿದ ಕಂದನ್ನ ನೋಡಕ್ಕೆ ಊರೇ ಹೋಗಿದೆ. ನಾನು ಇಲ್ಲಿ ನೆಲದ ಇರುವೆಗಳನ್ನ ನೋಡ್ತಾ ಇದೀನಿ."

"ನೋಡಿ, ಅವೂ ದೇವರ ಮಕ್ಕಳೇ," ಎಂದಳು ಹೆಂಡತಿ. "ಕತ್ತು ಮಾತ್ರ ಎತ್ತಬೇಡಿ."

ಆಗ ತಂಗಿಯ ಫೋನು ಬಂತು. "ಅಣ್ಣಾ, ಎರಡು ದಿನ ಆಯ್ತು, ಅಮ್ಮ ಒಂದು ಗುಟುಕೂ ಇಳಿಸಿಲ್ಲ. ದೊಡ್ಡವನು ಬರ್ಲಿ ಅಂತ ಹಟ. ನಿನ್ನ ಕಣ್ಣಿನ ವಿಷಯ ಎಷ್ಟು ಸಲ ಹೇಳಿದ್ರೂ ಮರೀತಾಳೆ. ನೀನೇ ಹೇಳು."

"ಹೊರಟ್ಯೇನೋ?" ತಾಯಿಯ ದನಿ ದಾರದಷ್ಟು ಸಣ್ಣಗಿತ್ತು.

ಬಡಗಿ ಸುಳ್ಳಾಡುವವನಲ್ಲ. ಹಲಗೆಯಲ್ಲಿ ಬಿರುಕಿದ್ದರೆ ತೋರಿಸಿಯೇ ಮಾರುವವನು. ಆದರೂ ಬಾಯಿ ಜಾರಿತು. "ಹೊರಟೆ ಅಮ್ಮ. ಬಸ್ಸಲ್ಲಿದೀನಿ. ನೀನು ಊಟ ಮಾಡು."

ತಾಯಿ ಅರ್ಧ ಬಟ್ಟಲು ಗಂಜಿ ಕುಡಿದಳಂತೆ.

"ಇವತ್ತೇ ಸಿಕ್ತೇನ್ರೀ ಸುಳ್ಳು ಹೇಳಕ್ಕೆ?" ಎಂದು ಹೆಂಡತಿ ಕೇಳಿದಳು. ಅವಳು ದೇವರಲ್ಲಿ ಕ್ಷಮೆ ಕೇಳಿ, ಕಣ್ಣಿಗೆ ಹನಿ ಹಾಕಿದಳು.

ಗಂಟೆಗೊಮ್ಮೆ ಫೋನು ಬರತೊಡಗಿತು. ಎಲ್ಲಿದೀಯೋ? ದಾರಿ ಅವನಿಗೆ ಅಂಗೈಯಷ್ಟೇ ಪರಿಚಿತ. ಮಲಗಿದಲ್ಲೇ ಮೊದಲು ಸೇತುವೆ ದಾಟಿದ.

"ಹೊಳೇಲಿ ನೀರಿದೆಯಾ?"

"ಮೊಣಕಾಲುದ್ದ ಇದೆ."

"ಪಕ್ಕದಲ್ಲಿ ಯಾರು ಕೂತಿದಾರೆ?"

"ಒಬ್ಬಳು ಅಜ್ಜಿ. ಟಿಕೆಟು ಅವಳದು, ಸೀಟು ಅವಳ ಕೋಳಿದು, ನನಗೆ ಬರೀ ಅಂಚು."

ತಾಯಿ ನಕ್ಕಳು. ನಗು ಕೆಮ್ಮಾಯಿತು. ಸಿಟ್ಟು ಮಾಡಿಕೊಂಡಿದ್ದ ಹೆಂಡತಿಯೂ ಬೀಸಣಿಗೆ ನಿಲ್ಲಿಸಿ ಕೇಳುತ್ತ ಕೂತಳು. ಮರದ ಡಿಪೋ ದಾಟಿತು, ತಿರುವುಗಳು ಶುರುವಾದವು. "ಚಳಿ ಹತ್ತುತ್ತೆ, ಸ್ವೆಟರ್ ಹಾಕ್ಕೋ," ಎಂದಳು ತಾಯಿ. "ಹಾಕ್ಕೊಂಡೆ," ಎಂದ, ಬೆನ್ನ ಮೇಲೆ ಬೆವರು ಹರಿಯುತ್ತಿದ್ದವನು.

ಹೊತ್ತು ಇಳಿಯುತ್ತಿದ್ದಂತೆ ಬಸ್ಸು ಊರಿಗೆ ತೀರ ಹತ್ತಿರ ಬಂದುಬಿಟ್ಟಿತು. ಅವನು ಟೈರು ಪಂಕ್ಚರ್ ಮಾಡಿಸಿದ. ಆಮೇಲೆ ಅಡ್ಡಕ್ಕೆ ಒಂದು ಲಾರಿ ನಿಲ್ಲಿಸಿದ. ಹೊರಡಿಸಿದ ಬಸ್ಸನ್ನು ಊರು ಮುಟ್ಟಿಸುವುದು ಹೇಗೆಂದು ಗೊತ್ತಾಗದೆ, ತಂದೆಯೇ, ನೀನೇ ಏನಾದರೂ ಮಾಡು ಎಂದು ನೆಲ ನೋಡುತ್ತ ಬೇಡಿದ.

ಸಂಜೆ, ಹೆಂಡತಿ ಅವನ ಕಿವಿಗೆ ಹಿಡಿದ ಫೋನಿನಲ್ಲಿ ತಂಗಿ ಪಿಸುಗುಟ್ಟಿದಳು. "ಅಣ್ಣಾ, ಅಮ್ಮ ಮಂಚನ ಬಾಗಿಲ ಎದುರಿಗೆ ಎಳೆಸ್ಕೊಂಡಿದಾಳೆ. ನೀನು ಬರೋದು ಕಾಣ್ಬೇಕಂತೆ. ಮಂಜು ಒಳಗೇ ಬರ್ತಿದೆ, ಬಾಗಿಲು ಮುಚ್ಚಕ್ಕೆ ಬಿಡ್ತಿಲ್ಲ. ಎದೆ ಗೊರಗೊರ ಅಂತಿದೆ. ಏನಂತ ಹೇಳ್ಲಿ?"

ಬಡಗಿ ಎದ್ದು ಕೂತು ಕಾಲಲ್ಲೇ ಚಪ್ಪಲಿ ತಡಕಾಡಿದ. ಹೆಂಡತಿ ಅವನ ಕತ್ತಿನ ಮೇಲೆ ಅಂಗೈ ಇಟ್ಟು ಒತ್ತಿ ಹಿಡಿದಳು.

"ಬಿಡೇ. ಕಣ್ಣು ಹೋದ್ರೆ ಹೋಗ್ಲಿ. ಹೋಗ್ತೀನಿ."

"ಈಗ ಹೊರಟ್ರೂ ಮುಟ್ಟೋದು ನಾಳೆ ಬೆಳಿಗ್ಗೆ ರೀ," ಎಂದಳು ಅವಳು ಮೆಲ್ಲಗೆ. "ಬಾಗಿಲು ತೆಗೆದಿರೋದು ಈಗ."

ಅವನ ಕಾಲು ನಿಂತಿತು. ಬಗ್ಗಿದ ತಲೆಯಲ್ಲೇ ಫೋನನ್ನು ಕಿವಿಗೆ ಒತ್ತಿಕೊಂಡು, ಅಮ್ಮನಿಗೆ ಕೊಡು ಎಂದ.

"ಅಮ್ಮಾ, ನಾನು ಹೊರಟೇ ಇಲ್ಲ. ಕಣ್ಣು ಸರಿ ಇಲ್ಲ. ಇಲ್ಲೇ ಬಿದ್ಕೊಂಡಿದೀನಿ."

ಉಸಿರು ಮಾತ್ರ ಕೇಳಿಸಿತು.

"ನಾಳೆ ಬರ್ತೀಯಾ?"

"ಇಲ್ಲಮ್ಮ. ಇನ್ನೂ ಎರಡು ವಾರ ಆಗುತ್ತೆ. ಅದಕ್ಕೂ ಹೆಚ್ಚು."

"ಎರಡು ವಾರ," ಎಂದಳು ತಾಯಿ, ಎಂದೂ ಕೇಳದ ಊರಿನ ಹೆಸರು ಹೇಳಿದಂತೆ. ಆಮೇಲೆ ಫೋನಿನಿಂದ ಮುಖ ತಿರುಗಿಸಿ ಮಗಳಿಗೆ ಹೇಳಿದ್ದು ಕೇಳಿಸಿತು. "ಬಾಗಿಲು ಹಾಕೇ."

ಬಾಗಿಲು ಮುಚ್ಚಿತು. ಚಿಲಕ ಬಿತ್ತು. ಮಂಚದ ಕಾಲು ನೆಲ ಉಜ್ಜಿಕೊಂಡು ಒಳಗೆ ಸರಿಯಿತು. ಫೋನು ನಿಲ್ಲಿಸಬೇಕೆಂದು ಆ ಕಡೆ ಯಾರಿಗೂ ಹೊಳೆಯಲಿಲ್ಲ, ಈ ಕಡೆ ಅವನೂ ನಿಲ್ಲಿಸಲಿಲ್ಲ. ಹೆಂಡತಿ ಅವನನ್ನು ಮತ್ತೆ ಬೋರಲು ಮಲಗಿಸಿ, ಫೋನನ್ನು ಕಿವಿಯ ಪಕ್ಕ ಇಟ್ಟಳು. ಅವನು ತಾಯಿಯ ಒಂದು ಉಸಿರಾದ ಮೇಲೆ ಇನ್ನೊಂದು ಬರುವವರೆಗೂ ತನ್ನ ಉಸಿರು ಹಿಡಿದು, ಕೇಳುತ್ತ ಮಲಗಿದ.